ಬೀರೇಶನ ಓರೆಕತ್ತು

ಚಿತ್ರದುರ್ಗ
12 ಜೂನ್ 2024

ಅಂಜಲಿ ಅವರಿಗೆ ನಮಸ್ಕಾರ.

ನಾನು ಕೀರ್ತನಾ. ಮೊನ್ನೆ ಸೋಮವಾರ ನೀವೂ ನಿಮ್ಮ ಅತ್ತೆಯವರೂ ಬೀರೇಶನನ್ನು ಎತ್ತಿಕೊಂಡು ತಾಳ್ಯದಿಂದ ಬಸ್ಸಿನಲ್ಲಿ ಬಂದಿದ್ದಿರಲ್ಲ, ಆಗ ನಿಮ್ಮ ಮಗುವಿನ ಮುಂದೆ ಹಳದಿ ಚೆಂಡು ಹಿಡಿದುಕೊಂಡು ಕೋತಿಯ ಹಾಗೆ ಅತ್ತಿತ್ತ ಓಡಾಡಿದ ಟೀಚರ್ ನಾನೇ.

ನಿಮಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿಮ್ಮ ಅತ್ತೆ ಸಿದ್ದಕ್ಕನವರೇ ಎತ್ತಿಕೊಂಡು, "ಚೆನ್ನಾಗವ್ನೆ ಬಿಡ್ರಿ ಮೇಡಂ, ನಿಮ್ಮದು ಊಟ ಆತಾ?" ಅಂತ ಕೇಳಿ ಇಟ್ಟುಬಿಟ್ಟರು. ನನ್ನ ಊಟ ಆಗಿತ್ತು, ಕೆಲಸ ಆಗಿರಲಿಲ್ಲ. ಅದಕ್ಕೇ ಈ ಕಾಗದ. ನೀವು ಪಿಯುಸಿ ಓದಿದವರು, ಬರೆಯುವುದು ನಿಮಗೆ ಕಷ್ಟವಾಗಲಿಕ್ಕಿಲ್ಲ.

ಬೀರೇಶ ಹುಟ್ಟುವಾಗಲೇ ಎರಡೂ ಕಣ್ಣಲ್ಲಿ ಪೊರೆ ಇತ್ತು. ಅದನ್ನು ಡಾಕ್ಟರ್ ಆಪರೇಷನ್ ಮಾಡಿ ತೆಗೆದರು, ದಪ್ಪ ಕನ್ನಡಕ ಕೊಟ್ಟರು. ಅವರ ಕೆಲಸ ಕಣ್ಣನ್ನು ನೋಡುವುದು. ನನ್ನ ಕೆಲಸ ಆ ಕಣ್ಣನ್ನು ಇಟ್ಟುಕೊಂಡು ಮಗು ಏನು ಮಾಡುತ್ತದೆ ಅಂತ ನೋಡುವುದು. ಇಷ್ಟು ಎಳೆಯ ಮಗುವಿಗೆ ಗೋಡೆಯ ಮೇಲಿನ ಅಕ್ಷರ ಓದು ಅನ್ನಲಾಗುವುದಿಲ್ಲ. ಅದು ಯಾವುದಕ್ಕೆ ತಿರುಗುತ್ತದೆ, ಯಾವುದಕ್ಕೆ ಕೈ ಚಾಚುತ್ತದೆ, ಯಾವುದನ್ನು ಕಂಡು ಸುಮ್ಮನಾಗುತ್ತದೆ, ಇದನ್ನೆಲ್ಲ ಕಾದು ನೋಡಬೇಕು.

ಆ ದಿನ ಅವನು ಟಾರ್ಚ್ ಬೆಳಕಿಗೆ ಕಣ್ಣು ಕಿರಿದು ಮಾಡಿದ. ಚೆಂಡು, ಗೊಂಬೆ, ಕಪ್ಪು ಬಿಳಿ ಗೆರೆಯ ಹಲಗೆ ಯಾವುದಕ್ಕೂ ತಿರುಗಲಿಲ್ಲ. ಆದರೆ ಬಸ್ಸಿನ ಆಯಾಸ, ಹೊಸ ಜಾಗ, ಹೊಸ ಹೆಂಗಸು. ಒಂದೇ ದಿನ ನೋಡಿ ತೀರ್ಮಾನ ಹೇಳುವವಳು ನಾನಲ್ಲ. ಮನೆಯಲ್ಲಿ ಏನು ಮಾಡುತ್ತಾನೆ ಅಂತ ನೀವು ಬರೆಯಿರಿ. ಏನಾದರೂ ತೋರಿಸುವಾಗ ಬಳೆ ತೆಗೆದಿಡಿ, ಗಿಲಕಿ ಬೇಡ, ಹೆಸರು ಹಿಡಿದು ಕೂಗುವುದೂ ಬೇಡ. ಸದ್ದಿಗೆ ತಿರುಗಿದರೆ ಅದು ಕಿವಿಯ ಕೆಲಸ.

ಇನ್ನೊಂದು, ನಿಮ್ಮ ಅತ್ತೆ ಅವನನ್ನು ಎಷ್ಟು ಚೆನ್ನಾಗಿ ಹಿಡಿದು ಕೂತಿದ್ದರು! ತಲೆ ಒಂದಿಷ್ಟೂ ಅಲುಗಲಿಲ್ಲ. ಎಷ್ಟೋ ಜನಕ್ಕೆ ಅದು ಬರುವುದಿಲ್ಲ. ಮನೆಯಲ್ಲೂ ಹಾಗೆಯೇ ಹಿಡಿಯಲು ಹೇಳಿ.

ಇಂತಿ
ಕೀರ್ತನಾ


ಕುರುಬರಹಟ್ಟಿ, ತಾಳ್ಯ ಅಂಚೆ
24 ಜೂನ್ 2024

ಕೀರ್ತನಾ ಟೀಚರ್ ಅವರಿಗೆ ಅಂಜಲಿ ಮಾಡುವ ನಮಸ್ಕಾರಗಳು.

ಪೋಸ್ಟ್ ಬಂತು ಅಂದಾಗ ನಮ್ಮ ಹಟ್ಟಿಯವರೆಲ್ಲ ಬ್ಯಾಂಕಿನ ನೋಟೀಸು ಇರಬೇಕು ಅಂತ ಬಂದು ನಿಂತರು. ಕೀರ್ತನಾ ಅನ್ನುವ ಹೆಸರು ನೋಡಿ ನಿರಾಸೆಯಾಗಿ ಹೊರಟುಹೋದರು. ನನಗೆ ಮದುವೆಯಾದ ಮೇಲೆ ಬಂದ ಮೊದಲನೇ ಕಾಗದ ಇದು. ನಮ್ಮವರು ಕನಕರಾಜ್ ಕುರಿಯ ಹಿಂದೆ ಹೊಸದುರ್ಗದ ಕಡೆ ಹೋದರೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಅಷ್ಟೇ ಅವರ ಪ್ರೇಮಪತ್ರ.

ನೀವು ಹೇಳಿದ ಹಾಗೆ ಮಾಡಲು ಹೊರಟೆ. ಬಳೆ ತೆಗೆಯಲು ಹೋದದ್ದೇ ತಡ, ಅತ್ತೆ ಎದ್ದು ನಿಂತರು. "ಮುತ್ತೈದೆ ಬರಿಗೈಲಿ ಕುಂತ್ಕಳಾದಾ? ನಿಮ್ ಟೀಚರಮ್ಮಂಗೆ ತಲೆ ಸರಿ ಐತಾ?" ಅಂದರು. ಕೊನೆಗೆ ಮಾವನ ಹಳೆಯ ರುಮಾಲು ಹರಿದು ಎರಡೂ ಕೈಯ ಬಳೆಗಳಿಗೆ ಸುತ್ತಿಕೊಂಡೆ. ಮಾವ ತಿಮ್ಮರಾಯಪ್ಪನವರು ಹೊರಗಿನಿಂದ ಬಂದವರು, "ಏನವ್ವ, ಎರಡೂ ಕೈ ಮುರ್ಕಂಡ್ಯಾ?" ಅಂತ ಗಾಬರಿಯಾದರು.

ಕನ್ನಡಕದ ಕಥೆ ಬೇರೆ. ಅದರ ಹಿಂದಿನ ಪಟ್ಟಿಯನ್ನು ಮೇಕೆಮರಿ ಕಚ್ಚಿ ತಿಂದುಬಿಟ್ಟಿತು. ಲಂಗದ ಎಲಾಸ್ಟಿಕ್ ಹಾಕಿ ಹೊಲಿದಿದ್ದೇನೆ. ಹಾಕಿಕೊಂಡರೆ ಪಂಚಾಯ್ತಿಗೆ ಕೂತ ಮುದುಕನ ಹಾಗೆ ಕಾಣುತ್ತಾನೆ.

ಈಗ ನಗುವ ಮಾತು ಮುಗಿಯಿತು ಟೀಚರ್. ಇಷ್ಟು ದಿನ ಬೆಳಿಗ್ಗೆ ನಾನು ಹತ್ತಿರ ಹೋದರೆ ಬೀರೇಶ ನನ್ನ ಕಡೆ ತಿರುಗುತ್ತಿದ್ದ. ನನ್ನನ್ನು ನೋಡುತ್ತಾನೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಬಳೆಗೆ ಬಟ್ಟೆ ಸುತ್ತಿಕೊಂಡು ಹೋದ ದಿನ ತಿರುಗಲಿಲ್ಲ. ಎದುರಿಗೆ ಕೂತೆ, ಬಗ್ಗಿದೆ, ನಕ್ಕೆ, ಏನೂ ಇಲ್ಲ. ಅವನು ತಿರುಗುತ್ತಿದ್ದದ್ದು ಬಳೆಯ ಕಡೆಗೆ. ಆ ದಿನ ನನಗೆ ಊಟ ಸೇರಲಿಲ್ಲ.

ಅತ್ತೆ ಹಿಂದೆ ಕೂತು ತಲೆ ನೆಟ್ಟಗೆ ಹಿಡಿದಿದ್ದರು. ನೀವು ಹೊಗಳಿದ್ದನ್ನು ಓದಿ ಹೇಳಿದೆ, ಬೀಗಿಹೋದರು. ಹಾಗಾಗಿ ಹಿಡಿದದ್ದರಲ್ಲಿ ತಪ್ಪಿಲ್ಲ.

ನನಗೆ ಒಂದೇ ಒಂದು ಹೇಳಿ. ನಾನು ಅವನಿಗೆ ಕಾಣುತ್ತೇನಾ? ಬೇರೆ ಏನೂ ಬೇಡ.

ಇಂತಿ
ಅಂಜಲಿ


ಚಿತ್ರದುರ್ಗ
3 ಜುಲೈ 2024

ಅಂಜಲಿ ಅವರಿಗೆ,

ನಿಮ್ಮ ಕಾಗದ ಓದಿ ನಕ್ಕೆ, ಆಮೇಲೆ ನಗು ನಿಂತುಹೋಯಿತು. ಬಳೆಗೆ ಬಟ್ಟೆ ಸುತ್ತಿದ್ದು ಒಳ್ಳೆಯ ಕೆಲಸ. ಹಿರಿಯೂರಿನಲ್ಲಿ ಒಬ್ಬ ತಾಯಿಗೆ ಇದೇ ಉಪಾಯ ಹೇಳಿಕೊಟ್ಟು ಬಂದೆ.

ಇನ್ನು ಕೆಲವು ಮಾತು. ಮಗುವನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿ. ಬೆಳಕು ಅವನ ಹಿಂದಿನಿಂದ ಬಂದು ವಸ್ತುವಿನ ಮೇಲೆ ಬೀಳಬೇಕು, ಅವನ ಕಣ್ಣಿಗಲ್ಲ. ಹೂವಿನ ಚಿತ್ರದ ಬೆಡ್‌ಶೀಟ್ ಬೇಡ, ಅದರ ಮೇಲೆ ಏನಿಟ್ಟರೂ ಕಲಸಿಹೋಗುತ್ತದೆ. ನಿಮ್ಮ ಮನೆಯಲ್ಲಿ ಕರಿ ಕಂಬಳಿ ಇದ್ದೇ ಇರುತ್ತದೆ, ಅದನ್ನು ಹಾಸಿ. ಅದರ ಮೇಲೆ ಬಿಳಿಯದೋ ಹಳದಿಯದೋ ಒಂದೇ ಒಂದು ವಸ್ತು ಇಡಿ. ಇಟ್ಟ ಮೇಲೆ ಸುಮ್ಮನೆ ಕಾಯಿರಿ. ಇಂಥ ಮಕ್ಕಳಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ನಾವು ಅವಸರಪಟ್ಟು ವಸ್ತು ಅಲ್ಲಾಡಿಸಿಬಿಡುತ್ತೇವೆ, ಮಗು ಆಗಿನ್ನೂ ಹುಡುಕುತ್ತಿರುತ್ತದೆ.

ಹೊಸದುರ್ಗದಲ್ಲಿ ಈ ವಾರ ಶಿಬಿರ ಇದೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಪಟ್ಟಿಗೆ ಎಲಾಸ್ಟಿಕ್ ಬಿಗಿಯಾಗದಂತೆ ನೋಡಿಕೊಳ್ಳಿ. ಮತ್ತೆ ಬರೆಯಿರಿ.

ಕೀರ್ತನಾ


ಕುರುಬರಹಟ್ಟಿ
20 ಜುಲೈ 2024

ಟೀಚರ್,

ನಾನು ಕೇಳಿದ್ದು ಒಂದು, ನೀವು ಬರೆದದ್ದು ಕಂಬಳಿ, ಬೆಡ್‌ಶೀಟು, ಎಲಾಸ್ಟಿಕ್ಕು. ಕಾಗದದ ಹಿಂದೆ ಮುಂದೆ ಹುಡುಕಿದೆ. ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ. ಉತ್ತರ ಇಲ್ಲ ಅನ್ನುವುದೇ ಉತ್ತರ ಅಂತ ತಿಳಿದುಕೊಳ್ಳುವಷ್ಟು ಬುದ್ಧಿ ನನಗಿದೆ.

ಮಾವ ನಿನ್ನೆ, "ದೊಡ್ಡವನಾದ ಮ್ಯಾಲೆ ಕುರುಡು ಮಕ್ಕಳ ಸ್ಕೂಲಿಗೆ ಬಿಡಾಣ, ಅಲ್ಲಿ ಊಟಕ್ಕೇನೂ ತೊಂದ್ರೆ ಇಲ್ವಂತೆ" ಅಂದರು. ಕೆಟ್ಟದಾಗಿ ಅನ್ನಲಿಲ್ಲ, ಪಾಪ, ಅಂದವರೇ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಕನ್ನಡಕವನ್ನು ಗೂಡಿನಲ್ಲಿ ಎತ್ತಿಟ್ಟಿದ್ದೇನೆ. ಕಾಣದ ಮಗುವಿಗೆ ಆ ಭಾರ ಯಾಕೆ? ಮೂಗಿನ ಮೇಲೆ ಕೆಂಪಗೆ ಗೆರೆ ಬಿದ್ದಿದೆ.

ನೀವು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಅಂಜಲಿ


ಚಿತ್ರದುರ್ಗ
25 ಜುಲೈ 2024

ಅಂಜಲಿ,

ಬೈದದ್ದು ಸರಿಯಾಗಿದೆ. ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದನ್ನು ಈಗ ಹೇಳುತ್ತೇನೆ. ನೀವು ಬಂದ ದಿನ ನನಗೆ ಅನ್ನಿಸಿದ್ದು, ಈ ಮಗುವಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯುವುದಿಲ್ಲವೇನೋ ಅಂತ. ಆದರೆ ಡಾಕ್ಟರ್ ಕಣ್ಣಿನ ಒಳಗೆ ನೋಡಿ, ಕಣ್ಣು ಈ ಸ್ಥಿತಿಯಲ್ಲಿದ್ದರೆ ಇನ್ನೂ ಸ್ವಲ್ಪ ಕಾಣಬೇಕು ಅನ್ನುತ್ತಾರೆ. ಅವರು ಹೇಳುವುದಕ್ಕೂ ನಾನು ಕಂಡದ್ದಕ್ಕೂ ತಾಳೆ ಆಗುತ್ತಿಲ್ಲ. ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗುತ್ತಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ "ಇಲ್ಲ" ಅಲ್ಲ. "ಗೊತ್ತಿಲ್ಲ." ಅದನ್ನು ಬರೆಯಲು ನಾಚಿಕೆಯಾಯಿತು, ಅದಕ್ಕೇ ಎಲಾಸ್ಟಿಕ್ಕಿನ ಸುದ್ದಿ ಬರೆದೆ.

ನಿಮ್ಮ ಕಾಲಿಗೆ ಬೀಳುತ್ತೇನೆ, ಕನ್ನಡಕವನ್ನು ಗೂಡಿನಿಂದ ತೆಗೆಯಿರಿ. ಈ ವಯಸ್ಸಿನಲ್ಲೇ ಮಿದುಳು ನೋಡುವುದನ್ನು ಕಲಿಯುವುದು. ಇರುವ ಸ್ವಲ್ಪ ದೃಷ್ಟಿಗೂ ಕೆಲಸ ಕೊಡದಿದ್ದರೆ ಅದು ಕಲಿಯದೆ ಉಳಿದುಬಿಡುತ್ತದೆ. ಮೂಗಿನ ಗೆರೆಗೆ ಮೆತ್ತನೆಯ ಬಟ್ಟೆ ಅಂಟಿಸಿ.

ಆಗಸ್ಟ್ ಹದಿನಾಲ್ಕಕ್ಕೆ ಹೊಳಲ್ಕೆರೆಗೆ ಬರುವವಳಿದ್ದೇನೆ, ಅಲ್ಲಿಂದ ನಿಮ್ಮ ಹಟ್ಟಿಗೇ ಬರುತ್ತೇನೆ. ಅದಕ್ಕೆ ಮುಂಚೆ, ನನಗೆ ಹೇಳದೇ ಇರುವುದು ಏನಾದರೂ ಇದ್ದರೆ ಬರೆಯಿರಿ. ಸಣ್ಣದು, ಹೇಳಿಕೊಳ್ಳಲಾರದ್ದು, ಏನಾದರೂ ಸರಿ.

ಕೀರ್ತನಾ


ಕುರುಬರಹಟ್ಟಿ
5 ಆಗಸ್ಟ್ 2024

ಟೀಚರ್,

ಈ ಕಾಗದ ಅವಸರದಲ್ಲಿ ಬರೆಯುತ್ತಿದ್ದೇನೆ. ಸಂತೋಷಕ್ಕೋ ಭಯಕ್ಕೋ ನನಗೇ ತಿಳಿಯದು. ಎರಡನ್ನೂ ಬರೆಯುತ್ತೇನೆ.

ನಿಮ್ಮ ಕಾಗದ ಬಂದ ಮೇಲೆ ಕನ್ನಡಕ ಹಾಕಿದೆ. ಮೊನ್ನೆ ಬೆಳಿಗ್ಗೆ ಅತ್ತೆ ಮಾವ ಇಬ್ಬರೂ ಶ್ರೀರಾಂಪುರಕ್ಕೆ ಮದುವೆಗೆ ಹೋದರು. ನನ್ನ ತವರೂ ಅಲ್ಲೇ, ಆದರೆ ಮಗು ಕೆಮ್ಮುತ್ತಿದ್ದ ಅಂತ ನಾನು ಉಳಿದುಕೊಂಡೆ. ಕರಿ ಕಂಬಳಿ ಹಾಸಿ ಬೀರೇಶನನ್ನು ಗೋಡೆಗೆ ಆನಿಸಿ ಕೂರಿಸಿ, ಪಕ್ಕದಲ್ಲಿ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಒಂದು ಗೆಡ್ಡೆ ಉರುಳಿ ಕಂಬಳಿಯ ಮೇಲೆ ಹೋಯಿತು. ಬೀರೇಶ ಸುಮ್ಮನಾದ. ಉಸಿರು ಹಿಡಿದ ಹಾಗೆ ಕೂತ. ಆಮೇಲೆ ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿಕೊಂಡು, ಬಲಗಣ್ಣಿನ ತುದಿಯಿಂದ ನೋಡುವವನ ಹಾಗೆ ಇದ್ದು, ನಿಧಾನವಾಗಿ ಕೈ ಚಾಚಿ ಆ ಗೆಡ್ಡೆಯನ್ನು ತೆಗೆದುಕೊಂಡು ಬಾಯಿಗಿಟ್ಟ!

ಏನೋ ಕೈಗೆ ಸಿಕ್ಕಿರಬೇಕು ಅಂದುಕೊಂಡೆ. ಬಾಯಿಂದ ಕಿತ್ತು, ಸದ್ದಾಗದ ಹಾಗೆ ಇನ್ನೊಂದು ಕಡೆ ಇಟ್ಟೆ. ಮತ್ತೆ ಹಾಗೇ ತಿರುಗಿದ, ಮತ್ತೆ ಹಿಡಿದ. ಆಗ ನಾನು ಅಭ್ಯಾಸಬಲದಿಂದ ಅವನ ಕತ್ತು ನೆಟ್ಟಗೆ ಮಾಡಿದೆ. ಕೈ ಅಲ್ಲೇ ನಿಂತಿತು. ಗೆಡ್ಡೆ ಎದುರಿಗೇ ಇದೆ, ಅವನ ಕೈ ಗಾಳಿಯಲ್ಲಿ ತಡಕಾಡುತ್ತಿದೆ. ಬಿಟ್ಟೆ. ತಿರುಗಿದ, ಹಿಡಿದ. ಟೀಚರ್, ಕತ್ತು ನೆಟ್ಟಗಿದ್ದರೆ ಅವನಿಗೆ ಕಾಣುವುದಿಲ್ಲ.

ಈಗ ನಿಮಗೆ ಹೇಳದೇ ಇದ್ದದ್ದು. ಇವನು ಕೂರಲು ಶುರು ಮಾಡಿದಾಗಿನಿಂದ ಹೀಗೆ ಕತ್ತು ತಿರುಗಿಸುತ್ತಾನೆ. ನಾವು ಕುರಿ ಸಾಕುವವರು. ಕುರಿಗೆ ಒಂದು ರೋಗ ಬರುತ್ತದೆ. ತಲೆ ಒಂದು ಕಡೆಗೆ ಓರೆ ಮಾಡಿಕೊಂಡು ಇದ್ದಲ್ಲೇ ಸುತ್ತುತ್ತದೆ. ಅಂಥ ಕುರಿ ಉಳಿಯುವುದಿಲ್ಲ. ಬೀರೇಶ ಮೊದಲ ಸಲ ಕತ್ತು ತಿರುಗಿಸಿದ ದಿನ ಅತ್ತೆ ಅವನನ್ನು ಬಾಚಿ ತಬ್ಬಿಕೊಂಡು, "ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದರು. ಬಾಯಲ್ಲಿ ಆಡಿದರೆ ನಿಜವಾಗುತ್ತದೆ ಅಂತ ಅವರ ಹೆದರಿಕೆ. ಅಂದಿನಿಂದ ಎಣ್ಣೆ ಹಚ್ಚಿ ಕತ್ತು ತೀಡುತ್ತಾರೆ, ಮಲಗಿದಾಗ ಎರಡೂ ಕಡೆ ಬಟ್ಟೆಯ ಸುರುಳಿ ಒತ್ತಿಡುತ್ತಾರೆ, ಕೂತಾಗ ಕೈಯಲ್ಲಿ ಹಿಡಿದೇ ಇರುತ್ತಾರೆ. ನಿಮ್ಮ ಮುಂದೆ ಅಷ್ಟು ಚೆನ್ನಾಗಿ ಹಿಡಿದು ಕೂತಿದ್ದರಲ್ಲ, ಅದು ಇದೇ.

ಮಗನಿಗೆ ಕಾಣುತ್ತದೆ ಅಂತ ಕುಣಿಯಬೇಕು. ಆದರೆ ರೋಗ ಬಂದಾಗಲೇ ಕಾಣುತ್ತದೆ ಅಂದರೆ ನಾನು ಏನು ಮಾಡಲಿ? ಬೇಗ ಬರೆಯಿರಿ.

ಅಂಜಲಿ


ಚಿತ್ರದುರ್ಗ
8 ಆಗಸ್ಟ್ 2024

ಪ್ರೀತಿಯ ಅಂಜಲಿ,

ರೋಗ ಅಲ್ಲ. ಮೊದಲು ಇದನ್ನು ಓದಿ, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಿನದನ್ನು ಓದಿ.

ಬೀರೇಶನ ಕಣ್ಣುಗುಡ್ಡೆ ಸದಾ ಅಲ್ಲಾಡುತ್ತಿರುತ್ತದೆ, ನೀವೂ ನೋಡಿದ್ದೀರಿ. ಪೊರೆ ಇದ್ದ ಮಕ್ಕಳಲ್ಲಿ ಅದು ಇರುತ್ತದೆ. ಅಲ್ಲಾಡುವ ಕಣ್ಣಿಗೆ ಎಲ್ಲವೂ ಮಸುಕು. ಆದರೆ ಕೆಲವು ಮಕ್ಕಳಿಗೆ ಕಣ್ಣನ್ನು ಒಂದು ಮೂಲೆಗೆ ತಂದಾಗ ಆ ಅಲ್ಲಾಟ ಕಡಿಮೆಯಾಗುತ್ತದೆ. ಅಲ್ಲಿಂದ ನೋಡಲು ಮುಖವನ್ನು ಇನ್ನೊಂದು ಕಡೆ ತಿರುಗಿಸಲೇಬೇಕು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಮಾತು ಬಾರದ ಮಗು ತಾನೇ ಹುಡುಕಿಕೊಂಡಿದೆ. ನಾವು ದೊಡ್ಡವರೆಲ್ಲ ಸೇರಿ ಅದನ್ನು ಹಿಡಿದು ನೆಟ್ಟಗೆ ಮಾಡಿದೆವು. ಸಿದ್ದಕ್ಕ ಹೆದರಿಕೆಯಿಂದ ಹಿಡಿದರು, ನಾನು ಅದನ್ನು ನೋಡಿ ಶಭಾಷ್ ಅಂದೆ. ಇದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳು ನಾನು!

ಹಿರಿಯೂರಿನ ಕಡೆ ನಮ್ಮ ಅಜ್ಜನೂ ಕುರಿ ಸಾಕಿದವರೇ. ಆ ರೋಗದ ಕುರಿಯನ್ನು ನಾನೂ ನೋಡಿದ್ದೇನೆ, ಅದಕ್ಕೇ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆ ಕುರಿ ಮೇವು ಬಿಡುತ್ತದೆ, ತಲೆ ವಾಪಸ್ಸು ತರಲಾರದು. ಬೀರೇಶ ನೋಡಬೇಕು ಅನ್ನಿಸಿದಾಗ ಮಾತ್ರ ತಿರುಗುತ್ತಾನೆ, ನೋಡಿಯಾದ ಮೇಲೆ ನೆಟ್ಟಗಾಗುತ್ತಾನೆ, ಬೆಳ್ಳುಳ್ಳಿಯನ್ನೂ ಬಿಡುವುದಿಲ್ಲ. ಕಣ್ಣಿನ ಡಾಕ್ಟರಿಗೂ ಫೋನ್ ಮಾಡಿದೆ. ಗಾಬರಿ ಬೇಡ, ಮುಂದಿನ ಸಲ ಬಂದಾಗ ಕತ್ತನ್ನೂ ನೋಡಿಬಿಡೋಣ ಅಂದರು.

ಅತ್ತೆಗೆ ನೀವು ಹೇಳಬೇಡಿ. ಸೊಸೆ ಹೇಳಿದರೆ ಜಗಳ, ಟೀಚರಮ್ಮ ಹೇಳಿದರೆ ವಿದ್ಯೆ. ಹದಿನಾಲ್ಕಕ್ಕೆ ನಾನೇ ಬಂದು ಹೇಳುತ್ತೇನೆ. ಅಲ್ಲಿಯವರೆಗೆ ಹೇಗಾದರೂ ಮಾಡಿ ಅವರ ಕೈಗೆ ಬೇರೆ ಕೆಲಸ ಕೊಡಿ.

ಕೀರ್ತನಾ


ಕುರುಬರಹಟ್ಟಿ
22 ಆಗಸ್ಟ್ 2024

ಪ್ರೀತಿಯ ಕೀರ್ತನಕ್ಕನಿಗೆ,

ಟೀಚರ್ ಅಂತ ಬರೆದು ಹೊಡೆದುಹಾಕಿ ಅಕ್ಕ ಅಂತ ಬರೆದಿದ್ದೇನೆ. ಬೇಜಾರಾದರೆ ಹೇಳಿ.

ನೀವು ಬಂದುಹೋದ ಮೇಲೆ ಈ ಮನೆಯಲ್ಲಿ ಏನೇನು ನಡೆಯಿತು ಅಂತ ನಿಮಗೆ ಗೊತ್ತಾಗಬೇಕು. ಆ ದಿನ ನೀವು ಕಂಬಳಿಯ ಮೇಲೆ ಗೆರೆಯ ಹಲಗೆ ಹಿಡಿದಾಗ ಅತ್ತೆ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು, ನೀವು ಗಮನಿಸಿದಿರೋ ಇಲ್ಲವೋ. ನಾನು ಮಗುವನ್ನು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಬೀರೇಶ ಕತ್ತು ತಿರುಗಿಸಿದಾಗಲೆಲ್ಲ ಅವರ ಭುಜ ಎದ್ದೆದ್ದು ಬೀಳುತ್ತಿತ್ತು, ಕೈ ಮಾತ್ರ ಹೊರಗೆ ಬರಲಿಲ್ಲ. ಒಂದೇ ಅರ್ಧಕ್ಕೆ ಗೆರೆ ಇರುವ ಆ ಹಲಗೆಯನ್ನು ಹೇಗೆ ತಿರುಗಿಸಿ ಹಿಡಿದರೂ ಅವನ ಕಣ್ಣು ಗೆರೆಯ ಕಡೆಗೇ ಹೋದದ್ದು ಕಂಡು, "ಅಯ್ಯೋ ನನ್ನ ಶಿವನೇ, ನಾನೇ ಇವನ ಕಣ್ಣು ಮುಚ್ಚಿದ್ನಾ?" ಅಂತ ಅಳಲು ಶುರು ಮಾಡಿದರಲ್ಲ, ಆಗ ನೀವು ಅವರ ಕೈ ಹಿಡಿದು, "ಇಲ್ಲ ಕಣಮ್ಮ, ನೀವು ಇವನ ಜೀವ ಹಿಡ್ಕಂಡಿದ್ರಿ, ಅಷ್ಟೇ" ಅಂದಿರಿ. ಆ ಮಾತನ್ನು ಅವರು ದಿನಕ್ಕೆ ಒಂದು ಸಲವಾದರೂ ಯಾರಿಗಾದರೂ ಹೇಳುತ್ತಾರೆ.

ಈಗ ಅವರೇ ಕಾವಲು. ಮೊನ್ನೆ ಪಕ್ಕದ ಮನೆಯ ಜಯಕ್ಕ ಬಂದು, "ಯಾಕೋ ಕೂಸು ಕತ್ತು ವಾರೆ ಮಾಡ್ತೈತಲ್ಲೇ" ಅಂತ ಕೈ ಹಾಕಲು ಹೋದಳು. ಅತ್ತೆ ಒಳಗಿನಿಂದ ಓಡಿ ಬಂದರು. "ಮುಟ್ಟಬ್ಯಾಡ ಕಣೇ! ನೋಡ್ತಾವ್ನೆ ಅವ್ನು!" ಜಯಕ್ಕ ಕಾಫಿಯನ್ನೂ ಕುಡಿಯದೆ ಹೋದಳು. ಮಾವ ಕುರುಡು ಮಕ್ಕಳ ಸ್ಕೂಲಿನ ಮಾತು ಎತ್ತುತ್ತಿಲ್ಲ. ಅಂಗನವಾಡಿ ಎಷ್ಟು ಗಂಟೆಗೆ ತೆಗೆಯುತ್ತದೆ ಅಂತ ವಿಚಾರಿಸುತ್ತಿದ್ದಾರೆ. ಕನಕರಾಜ್ ಅವರಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಬರೀ ಕುರಿಗಳ ಸದ್ದು. ಅದರ ನಡುವೆಯೇ, "ಬಿಳೀ ಮರಿ ಒಂದೈತೆ, ಅವನಿಗೇ ಇಟ್ಟಿದ್ದೀನಿ" ಅಂದರು.

ನೀವು ಹೇಳಿದ ಹಾಗೆ ಅವನಿಗೆ ತೋರಿಸುವುದನ್ನೆಲ್ಲ ಅವನ ಬಲಗಡೆಗೇ ಇಡುತ್ತಿದ್ದೇವೆ. ಎಲ್ಲ ಕಾಣುವುದಿಲ್ಲ ಅಂತ ನೀವು ಮುಚ್ಚುಮರೆ ಇಲ್ಲದೆ ಹೇಳಿದ್ದೂ ನೆನಪಿದೆ. ಕಾಣದ್ದನ್ನು ಮುಟ್ಟಿ ತಿಳಿಯಲಿ, ಕೇಳಿ ತಿಳಿಯಲಿ. ನನಗೆ ಆ ಬಗ್ಗೆ ದುಃಖ ಇಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಮುಂಚಿನ ಹಾಗೆ ಎದೆ ಒತ್ತುವುದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ.

ಒಂದು ಹೊಟ್ಟೆಕಿಚ್ಚಿನ ವಿಷಯ. ಅವನು ಕಂಡು ಹಿಡಿದ ಮೊದಲ ಮನುಷ್ಯರು ನಾನಲ್ಲ, ನನ್ನ ಅತ್ತೆ. ಭಾನುವಾರ ಮಳೆಗಾಳಿ ಅಂತ ಅವರು ಕಂಬಳಿಯನ್ನು ಹೆಗಲ ತುಂಬ ಹೊದ್ದು ಅವನ ಎದುರಿಗೆ ಕೂತಿದ್ದರು. ಬಿಚ್ಚಿದ ಬಿಳಿ ಕೂದಲು ಕಂಬಳಿಯ ಮೇಲೆ ಬಿದ್ದಿತ್ತು. ಬೀರೇಶ ಸುಮ್ಮನಾದ, ಕತ್ತು ತಿರುಗಿಸಿದ, ಆ ಕೂದಲನ್ನು ಹಿಡಿದು ಎಳೆದ ನೋಡಿ, ಬಿಡಿಸಲು ನಾವಿಬ್ಬರು ಬೇಕಾದೆವು. "ಲೇ, ನಾನು ಕಾಣ್ತೀನೇನೋ ನಿಂಗೆ?" ಅಂತ ನೋವಿಗೂ ಖುಷಿಗೂ ಒಟ್ಟಿಗೇ ಕಿರುಚಿಕೊಂಡರು.

ನನಗೆ ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಕಂಬಳಿ ತೆಗೆದುಕೊಂಡು ತಲೆಯ ಸುತ್ತ ಹೊದ್ದುಕೊಂಡೆ, ಮುಖ ಮಾತ್ರ ಬಿಟ್ಟೆ. ಬಳೆಗಳಿಗೆ ಆ ರುಮಾಲಿನ ಬಟ್ಟೆ ಸುತ್ತಿಕೊಂಡೆ. ಬಾಗಿಲ ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಅವನ ಎದುರಿಗೆ ಕೂತು, ಒಂದು ಮಾತೂ ಆಡದೆ ಕಾದೆ. ತುಂಬ ಹೊತ್ತು ಏನೂ ಇಲ್ಲ. ಕನ್ನಡಕದ ಹಿಂದೆ ಆ ಕಣ್ಣುಗಳು ಅಲ್ಲಾಡುತ್ತಲೇ ಇದ್ದವು. ಎದ್ದುಬಿಡಲೇ ಅಂತಲೂ ಅನ್ನಿಸಿತು. ಆಮೇಲೆ ಅವನು ಉಸಿರು ಹಿಡಿದ, ಮುಖ ಎಡಕ್ಕೆ ಹೋಯಿತು. ಕಣ್ಣಿನ ಅಲ್ಲಾಟ ನಿಧಾನವಾಗಿ ತಗ್ಗುತ್ತಾ ಬಂತು. ಕೈ ಚಾಚಿ ನನ್ನ ಮೂಗುಬೊಟ್ಟಿನ ಮೇಲೆ ಬೆರಳಿಟ್ಟು ನಕ್ಕ.

ಜೂನ್ ತಿಂಗಳಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದೆ. ಅದಕ್ಕೆ ನೀವು ಇನ್ನು ಉತ್ತರ ಬರೆಯುವುದು ಬೇಡ ಅಕ್ಕ. ಅವನೇ ಹೇಳಿದ.

ನಿಮ್ಮ
ಅಂಜಲಿ